ಊರಿನ ಹುಡುಗನೊಬ್ಬ ಕೇಸಿಗೆ ಸಿಕ್ಕಿಬಿದ್ದರೆ: ಕಾಸರಗೋಡಿನ ಕ್ಲಬ್ಬು, ಗ್ರಂಥಾಲಯದವರು ಮಾಡಬಹುದಾದ ಕೆಲಸ

ನಮ್ಮ ಕಡೆ ಇಂಥ ಸುದ್ದಿ ಬರುವುದು ಹೆಚ್ಚಾಗಿ ಸಂಜೆ ಹೊತ್ತಿಗೆ. ಪೇಟೆಯಿಂದ ಬಸ್ಸಿಳಿದವರು ಯಾರೋ ಅಂಗಡಿ ಜಗಲಿಯಲ್ಲಿ ಹೇಳುತ್ತಾರೆ, "ಅವರ ಮನೆ ಹುಡುಗನನ್ನು ಸ್ಟೇಶನ್‌ಗೆ ಕರೆದುಕೊಂಡು ಹೋಗಿದ್ದಾರಂತೆ." ಅರ್ಧ ಗಂಟೆಯೊಳಗೆ ಊರ ವಾಟ್ಸಾಪ್ ಗ್ರೂಪಿನಲ್ಲಿ ಹುಡುಗನ ಫೋಟೋ. ಒಂದು ಗಂಟೆಯೊಳಗೆ ಅವನ ಅಪ್ಪನ ಜಾತಕವೂ ಬಂದಿರುತ್ತದೆ. ಹುಡುಗನ ಮನೆಯಲ್ಲಿ ಮಾತ್ರ ದೀಪ ಹಾಕಿರುವುದಿಲ್ಲ.

ನಾವು ಐದಾರು ಜನ ಗ್ರಂಥಾಲಯದವರು. ವಕೀಲರಲ್ಲ. ಒಬ್ಬರು ನಿವೃತ್ತ ಮಾಷ್ಟ್ರು, ಒಬ್ಬರು ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಅಕ್ಕ, ಉಳಿದವರು ಅಡಿಕೆ ತೋಟ, ಅಂಗಡಿ ಅಂತ ಇರುವವರು. ಇಂಥ ಕೆಲವು ಮಕ್ಕಳ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೋರ್ಟಿನ ಕೆಲಸ ವಕೀಲರದ್ದು. ಆದರೆ ಹದಿನೆಂಟು ತುಂಬದ ಮಗುವಿನ ಕೇಸಿನಲ್ಲಿ ಮುಕ್ಕಾಲು ಪಾಲು ನಡೆಯುವುದು ಊರಿನಲ್ಲಿ. ಊರು ಕೈಬಿಟ್ಟರೆ ಎಷ್ಟು ಒಳ್ಳೆಯ ವಕೀಲರಿದ್ದರೂ ಪ್ರಯೋಜನ ಕಡಿಮೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಫೋಟೋ ತೆಗೆಸಿ

ಸ್ಟೇಶನ್‌ಗೆ ಹೊರಡುವ ಮೊದಲು ಗ್ರೂಪಿನ ಅಡ್ಮಿನ್‌ಗೆ ಫೋನ್ ಮಾಡಿ. ಬಾಲ ನ್ಯಾಯ ಕಾಯ್ದೆ, ಅಂದರೆ 2015ರ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೇಸಿನಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಪೇಪರಿನವರಿಗೆ ಮಾತ್ರ ಅಂತ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಯಾವ ರೀತಿಯ ಸಂವಹನವಾದರೂ ಸೇರುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ, ಸುಮ್ನೆ ಹೇಳಿ. "ಅಣ್ಣಾ, ನಾಳೆ ನಿಮಗೇ ತೊಂದರೆ, ತೆಗೆದುಬಿಡಿ" ಅಂದರೆ ನೂರಕ್ಕೆ ತೊಂಬತ್ತು ಸಲ ತೆಗೆಯುತ್ತಾರೆ.

ಸ್ಟೇಶನ್‌ಗೆ ಇಬ್ಬರು ಸಾಕು

ಇಪ್ಪತ್ತು ಜನ ಜೀಪು ಮಾಡಿಕೊಂಡು ಹೋದರೆ ಪೊಲೀಸರು ಅದನ್ನು ಗಲಾಟೆ ಅಂತಲೇ ನೋಡುತ್ತಾರೆ. ಅಪ್ಪ ಅಮ್ಮನ ಜೊತೆ ಇಬ್ಬರು ಹೋಗಿ. ಅವರಲ್ಲಿ ಒಬ್ಬರಿಗೆ ಮಲಯಾಳ ಓದಲು ಬರಬೇಕು. ಮಾತಾಡಲು ಅಲ್ಲ, ಓದಲು. ಮಾತು ನಮಗೆಲ್ಲರಿಗೂ ಬರುತ್ತದೆ, ಮೀನು ಮಾರ್ಕೆಟ್ಟಿನಲ್ಲಿ ಕಲಿತದ್ದು. ಓದುವುದು ಬೇರೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಒಂದು ಸಲ ನಾವು ತಲುಪುವ ಹೊತ್ತಿಗೆ ಹುಡುಗನ ಅಮ್ಮ ಎರಡು ಹಾಳೆಗೆ ಸಹಿ ಹಾಕಿ ಆಗಿತ್ತು. ಬೀಡಿ ಕಟ್ಟುವ ಹೆಂಗಸು. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಮನೆಯಲ್ಲಿ ಮಾತು ತುಳು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ರೇಶನ್ ಕಾರ್ಡು, ಆಧಾರ್, ಹುಡುಗನ ಲಸಿಕೆ ಚೀಟಿ ಕೂಡ. ಏನು ಬರೆದಿತ್ತಮ್ಮಾ ಅಂತ ಕೇಳಿದರೆ, "ಮಲಯಾಳದಲ್ಲಿ ಇತ್ತು, ಅವರು ಇಲ್ಲಿ ಹಾಕಿ ಅಂದರು, ಹಾಕಿದೆ" ಅಂದರು. ಅದು ಬರೀ ಮಾಹಿತಿ ಸಿಕ್ಕಿದೆ ಅನ್ನುವ ಕಾಗದವೇ ಆಗಿತ್ತು, ಏನೂ ಆಗಲಿಲ್ಲ. ಆದರೆ ಆ ಅಮ್ಮನಿಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಸ್ಟೇಶನ್‌ನಲ್ಲಿ ನೆನಪಿಡಬೇಕಾದ್ದು ಇಷ್ಟು. ಮಗುವನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, ಜೈಲಿಗೆ ಕಳಿಸುವ ಹಾಗಿಲ್ಲ. ಕೋಳ ಹಾಕುವಂತಿಲ್ಲ. ಪ್ರತಿ ಸ್ಟೇಶನ್‌ನಲ್ಲೂ ಮಕ್ಕಳ ವಿಷಯಕ್ಕೆ ಅಂತ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿರುತ್ತಾರೆ. ಅವರು ಯಾರು ಅಂತ ಕೇಳಿ, ಅವರ ಹತ್ತಿರವೇ ಮಾತಾಡಿ. ಅವರು ಯೂನಿಫಾರ್ಮ್ ಇಲ್ಲದೆ ಮಾಮೂಲಿ ಬಟ್ಟೆಯಲ್ಲಿ ಇರಬೇಕು ಅಂತ ನಿಯಮ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು, ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಗುವಿನಿಂದ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ ಅಪರಾಧ ಅತಿ ಘೋರವಾದದ್ದು ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಕೂಡ ಇಲ್ಲ. ಡೈರಿಯಲ್ಲಿ ಬರೆದು, ಮಗುವಿನ ಹಿನ್ನೆಲೆಯ ವರದಿ ಮಾಡಿ ಮಂಡಳಿಗೆ ಕಳಿಸುತ್ತಾರೆ.

ವಕೀಲರಿಗೆ ದುಡ್ಡಿಲ್ಲ ಅಂತ ಮನೆಯವರು ಕೂತುಬಿಡುತ್ತಾರೆ. ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ. 15100ಕ್ಕೆ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ 1098 ಗೊತ್ತೇ ಇದೆ, ಅಲ್ವಾ. ನಿಮ್ಮ ಪಂಚಾಯತಿನಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನು ನೆರವಿನ ಸ್ವಯಂಸೇವಕರು ಯಾರಾದರೂ ಇದ್ದರೆ ಅವರ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ. ರಾತ್ರಿ ಒಂಬತ್ತು ಗಂಟೆಗೆ ಹುಡುಕಿದರೆ ಸಿಗುವುದಿಲ್ಲ.

ವಯಸ್ಸಿನ ದಾಖಲೆ ಜೊತೆಗೇ ಇರಲಿ. ಮೀಸೆ ಮೂಡಿದ, ಆರಡಿ ಎತ್ತರದ ಹದಿನಾರರ ಹುಡುಗನನ್ನು ನೋಡಿ ಒಂದು ಕಡೆ ಹತ್ತೊಂಬತ್ತು ಅಂತ ಬರೆದುಬಿಟ್ಟಿದ್ದರು. ಕಾನೂನು ಮೊದಲು ಕೇಳುವುದು ಶಾಲೆಯ ಜನನ ದಿನಾಂಕದ ಪತ್ರ ಅಥವಾ ಹತ್ತನೇ ಕ್ಲಾಸಿನ ಸರ್ಟಿಫಿಕೇಟು. ಅದು ಇಲ್ಲದಿದ್ದರೆ ಪಂಚಾಯತಿನ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ. ಹೆಡ್‌ಮಾಷ್ಟ್ರನ್ನು ರಾತ್ರಿ ಎಬ್ಬಿಸಿ ರಿಜಿಸ್ಟರಿನ ನಕಲು ತಂದದ್ದು ನಮಗೆ ನೆನಪಿದೆ. ಆ ಹೆಡ್‌ಮಾಷ್ಟ್ರು ಲುಂಗಿಯಲ್ಲೇ ಬಂದು ಶಾಲೆಯ ಬೀಗ ತೆಗೆದರು.

ಹೊಳೆಯಾಚೆ, ಅಂದರೆ ಗಡಿ ದಾಟಿ ಕರ್ನಾಟಕದಲ್ಲಿ ಸಿಕ್ಕಿಬಿದ್ದರೆ ಇನ್ನೊಂದು ತಲೆನೋವು. ನಮ್ಮ ಮಕ್ಕಳು ಕಾಲೇಜು, ಕೆಲಸ, ಸಿನಿಮಾ ಅಂತ ಹೋಗುವುದು ಮಂಗಳೂರಿಗೆ. ಅಲ್ಲಿ ಹಿಡಿದರೆ ಅಲ್ಲಿಯ ಮಂಡಳಿಯ ಮುಂದೆ ಹಾಜರು. ಗಾಬರಿ ಬೇಡ. ಮಗುವಿನ ಊರು ಬೇರೆ ಜಿಲ್ಲೆ, ಬೇರೆ ರಾಜ್ಯ ಅಂತಾದರೆ, ಮಗುವಿಗೆ ಒಳ್ಳೆಯದು ಅಂತ ಕಂಡರೆ ಊರಿನ ಮಂಡಳಿಯ ಜೊತೆ ಸಮಾಲೋಚಿಸಿ ವರ್ಗಾಯಿಸಲು 95ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಅದನ್ನು ವಕೀಲರಿಗೆ ನೆನಪಿಸಿ. ತಲಪಾಡಿ ದಾಟಿ ತಿಂಗಳಿಗೆ ಎರಡು ಸಲ ಹೋಗುವುದು ಕೂಲಿ ಮನೆಗೆ ದೊಡ್ಡ ಖರ್ಚು.

ಎಲ್ಲದಕ್ಕಿಂತ ಮುಖ್ಯವಾದ ಒಂದು ಹಾಳೆ

ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಂಗಸು. ಜಾಮೀನು ಸಾಮಾನ್ಯವಾಗಿ ಸಿಗುತ್ತದೆ. ಸಿಗದೇ ಹೋಗಲು ಕಾನೂನು ಹೇಳುವ ಕಾರಣ ಮೂರು: ಬಿಟ್ಟರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಅಂತ ಅನ್ನಿಸಿದರೆ, ಅವನಿಗೇ ಅಪಾಯ ಇದ್ದರೆ, ನ್ಯಾಯಕ್ಕೆ ಅಡ್ಡಿಯಾಗುವಂತಿದ್ದರೆ. ಈ ಮೂರರಲ್ಲಿ ಮೊದಲಿನ ಎರಡಕ್ಕೆ ಉತ್ತರ ಕೊಡಬೇಕಾದವರು ವಕೀಲರಲ್ಲ. ನಾವು.

ಪ್ರೊಬೇಶನ್ ಆಫೀಸರ್ ಎರಡು ವಾರದೊಳಗೆ ಹುಡುಗನ ಮನೆ, ಶಾಲೆ, ಊರಿನ ಬಗ್ಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮಂಡಳಿ ತೀರ್ಮಾನ ಮಾಡುವಾಗ ಅದನ್ನೇ ನೋಡುತ್ತದೆ. ಆಫೀಸರ್ ಒಬ್ಬರು, ಜಿಲ್ಲೆ ಮಂಜೇಶ್ವರದಿಂದ ತ್ರಿಕರಿಪುರದವರೆಗೆ. ಅವರು ನಿಮ್ಮ ಊರಿಗೆ ಬಂದಾಗ ಸಿಗುವುದು ಯಾರು? ಬಸ್‌ಸ್ಟ್ಯಾಂಡಿನ ಅಂಗಡಿಯವರು. ಅವರು ಏನು ಹೇಳುತ್ತಾರೆ? "ಆ ಮನೆಯವರೇ ಹಾಗೆ ಸಾರ್." ಅದೇ ವರದಿಗೆ ಹೋಗುತ್ತದೆ. ಆದ್ದರಿಂದ ಅವರು ಬರುವ ಮೊದಲೇ ನಾವು ಒಂದು ಹಾಳೆ ಬರೆದು ಕೈಗೆ ಕೊಡಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಸನ್ನಡತೆಯ ಸರ್ಟಿಫಿಕೇಟು. ಕ್ಲಬ್ಬಿನ ಲೆಟರ್‌ಹೆಡ್ಡು, ದುಂಡಗಿನ ಸೀಲು, "ಸದರಿ ಬಾಲಕನು ಉತ್ತಮ ನಡತೆಯುಳ್ಳವನಾಗಿದ್ದು ನಮಗೆ ತಿಳಿದಂತೆ ಯಾವುದೇ ದುರಭ್ಯಾಸಗಳಿರುವುದಿಲ್ಲ." ಮೂವತ್ತು ಜನರ ಸಹಿ. ಇದನ್ನು ಯಾರೂ ನಂಬುವುದಿಲ್ಲ. ನಾವೂ ಒಂದು ಕಾಲದಲ್ಲಿ ಕೊಟ್ಟಿದ್ದೇವೆ. ಓದಿದವರು ಪಕ್ಕಕ್ಕಿಟ್ಟರು.

ಬೇಕಾದ್ದು ದಿನಚರಿ. ನಾವು ಈಗ ಬರೆಯುವುದು ಹೀಗೆ: "ಹುಡುಗ ಬೆಳಗ್ಗೆ 8.40ರ ಬಸ್ಸಿಗೆ ಶಾಲೆಗೆ ಹೋಗುತ್ತಾನೆ, ಪಕ್ಕದ ಮನೆಯ ಟೀಚರ್ ಅದೇ ಬಸ್ಸಿನಲ್ಲಿ ಇರುತ್ತಾರೆ. ಸಂಜೆ 5ರಿಂದ 7 ಗ್ರಂಥಾಲಯದಲ್ಲಿ, ಬೀಗದ ಕೈ ಇರುವ ನಾನು ಅಲ್ಲೇ ಇರುತ್ತೇನೆ. ಶನಿವಾರ, ಭಾನುವಾರ ಮಾವನ ಮನೆಯಲ್ಲಿ ಅಡಿಕೆ ಕೆಲಸಕ್ಕೆ ಕೈ ಜೋಡಿಸುತ್ತಾನೆ, ಮಾವನ ಫೋನ್ ನಂಬರ್ ಇದು. ಗಣಿತದಲ್ಲಿ ಹಿಂದೆ, ಒಬ್ಬರು ಹೇಳಿಕೊಡಲು ಒಪ್ಪಿದ್ದಾರೆ. ಗಾಂಜಾ ಸೇದಿದ್ದು ನಿಜ ಅಂತ ಅವನೇ ಹೇಳಿದ್ದಾನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಇವರು." ಕೊನೆಯ ವಾಕ್ಯ ಬರೆಯಲು ಮನೆಯವರು ಒಪ್ಪುವುದಿಲ್ಲ. ವಕೀಲರನ್ನು ಕೇಳದೆ ಬರೆಯಲೂ ಬೇಡಿ. ಆದರೆ ಬರೆದ ಕಡೆ ಆ ಹಾಳೆಗೆ ತೂಕ ಬಂದದ್ದನ್ನು ಕಂಡಿದ್ದೇನೆ. ಆಗದ್ದನ್ನು ಬರೆಯಬೇಡಿ. ಐದರಿಂದ ಏಳು ಅಂತ ಬರೆದರೆ ಮಳೆ ಬಂದರೂ ಐದಕ್ಕೆ ಬೀಗ ತೆಗೆದಿರಬೇಕು.

ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಸ್ಥಳೀಯ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಇದೆ. ಆದರೂ ಜೊತೆಗೆ ಮಲಯಾಳದ ಒಂದು ಪ್ರತಿ ಲಗತ್ತಿಸಿ. ಹಕ್ಕು ಹಕ್ಕೇ, ಆದರೆ ಹುಡುಗನ ಕೆಲಸ ಬೇಗ ಆಗಬೇಕಲ್ಲ. ಇನ್ನೊಂದು: ಆಫೀಸರ್ ಹುಡುಗನ ಹತ್ತಿರ ಮಾತಾಡುವಾಗ ಅವನಿಗೆ ತುಳುವಿನಲ್ಲೋ ಕನ್ನಡದಲ್ಲೋ ಉತ್ತರ ಕೊಡಲು ಬಿಡಿ ಅಂತ ಕೇಳಿಕೊಳ್ಳಿ. ಹೆದರಿದ ಮಗು ಬಾರದ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಆ ಹೂಂ ಕಾಗದಕ್ಕೆ ಹೋಗುತ್ತದೆ.

ಪೊಟ್ಟಣದ ಕೇಸುಗಳು

ಈಗ ಬರುವುದರಲ್ಲಿ ಜಾಸ್ತಿ ಚಿಂತೆ ಹುಟ್ಟಿಸುವುದು ಇವೇ, ಮಕ್ಕಳ ಕೈಯಲ್ಲಿ ಮಾದಕ ವಸ್ತು ಸಾಗಿಸುವ ಕೇಸುಗಳು. ಸ್ಕೂಟರ್ ಓಡಿಸಲು ಕೊಡುತ್ತಾರೆ, ಒಳ್ಳೆಯ ಫೋನ್ ಕೊಡುತ್ತಾರೆ, "ಈ ಕವರ್ ಉಪ್ಪಳದಲ್ಲಿ ಒಬ್ಬರಿಗೆ ಕೊಟ್ಟು ಬಾ" ಅನ್ನುತ್ತಾರೆ. ಸಿಕ್ಕಿಬೀಳುವುದು ಮಗು. ಇಲ್ಲಿ ತೂಕ ದೊಡ್ಡ ವಿಷಯ. ಎಂಡಿಎಂಎ ಅನ್ನುವ ಮಾದಕ ವಸ್ತು ಅರ್ಧ ಗ್ರಾಂವರೆಗೆ ಸಣ್ಣ ಪ್ರಮಾಣ, 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಗಾಂಜಾ ಒಂದು ಕಿಲೋವರೆಗೆ ಸಣ್ಣದು, 20 ಕಿಲೋ ದಾಟಿದರೆ ವಾಣಿಜ್ಯ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ ಇರುವುದರಿಂದ ಅದು ಅತಿ ಘೋರ ಅಪರಾಧದ ಗುಂಪಿಗೆ ಬೀಳುತ್ತದೆ. ಹುಡುಗನಿಗೆ ಹದಿನಾರು ದಾಟಿದ್ದರೆ, ದೊಡ್ಡವರಂತೆ ವಿಚಾರಣೆ ಮಾಡಬೇಕೋ ಅಂತ ಮಂಡಳಿ ಮೊದಲು ಒಂದು ಅಂದಾಜು ಮಾಡುತ್ತದೆ. ಅದಕ್ಕೆ ಮೂರು ತಿಂಗಳ ಗಡುವು. ಎಂಥ ಸಂದರ್ಭದಲ್ಲಿ ಅದು ನಡೆಯಿತು, ಅದರ ಪರಿಣಾಮದ ಬಗ್ಗೆ ಹುಡುಗನಿಗೆ ಎಷ್ಟು ತಿಳಿವಳಿಕೆ ಇತ್ತು ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಮಗುವಿನ ಕೈಯಲ್ಲಿ ಮಾದಕ ವಸ್ತು ಸಾಗಿಸಿದವರಿಗೆ ಬಾಲ ನ್ಯಾಯ ಕಾಯ್ದೆಯ 78ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಹುಡುಗ ಯಾರ ಹೆಸರು ಹೇಳಿದರೂ ಅದನ್ನು ವಕೀಲರಿಗೆ ಮಾತ್ರ ಹೇಳಿಸಿ. ನೀವು ಪತ್ತೇದಾರಿಕೆಗೆ ಇಳಿಯಬೇಡಿ. ಕ್ಲಬ್ಬಿನ ಹುಡುಗರು ಬೈಕಿನಲ್ಲಿ ಹೋಗಿ "ವಿಚಾರಿಸುವುದು" ಬೇಡವೇ ಬೇಡ. ಆಮೇಲೆ ರಾತ್ರಿ ಹುಡುಗನ ಮನೆಯ ಅಂಗಳಕ್ಕೆ ಆ ಜನ ಬಂದರೆ ಎದುರಿಸಬೇಕಾದವರು ಮನೆಯವರು, ನೀವಲ್ಲ.

ಚಟ ಹತ್ತಿದ್ದರೆ ಅದು ರೋಗ. ಬೈದು ಬಿಡಿಸಲು ಆಗುವುದಿಲ್ಲ. ಅಬಕಾರಿ ಇಲಾಖೆಯ ವಿಮುಕ್ತಿ ಅನ್ನುವ ಯೋಜನೆಯಡಿ ಚಟ ಬಿಡಿಸುವ ಚಿಕಿತ್ಸಾ ಕೇಂದ್ರ ಇದೆ, ಮನಸ್ಸಿನ ವಿಷಯಕ್ಕೆ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಮಾತಾಡುತ್ತಾರೆ. ಕೇಸಿನಲ್ಲಿರುವ ಮಕ್ಕಳಿಗೇ ಅಂತ ಕೇರಳದಲ್ಲಿ ಕಾವಲ್ ಅನ್ನುವ ಯೋಜನೆ ಇದೆ, ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯದ್ದು. ಬೆಂಗಳೂರಿನ ನಿಮ್ಹಾನ್ಸ್‌ನವರ ಮಾರ್ಗದರ್ಶನದಲ್ಲಿ ರೂಪಿಸಿದ್ದು. ಕಾರ್ಯಕರ್ತರು ಮನೆಗೇ ಬಂದು ಮಗು, ಮನೆಯವರು ಇಬ್ಬರ ಜೊತೆಗೂ ಮಾತಾಡುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಕನ್ನಡ ಬರುವವರನ್ನು ಕಳಿಸಿ ಅಂತ ಕೇಳಲು ನಾಚಿಕೆ ಬೇಡ.

ಊರ ಪಂಚಾಯತಿಕೆ ಬೇಡ

ಮೈದಾನದಲ್ಲಿ ಸೇರಿಸಿ ನಾಲ್ಕು ಬಿಗಿಯುವುದು, ದೈವದ ಎದುರು ಪ್ರಮಾಣ ಮಾಡಿಸುವುದು, ಹುಡುಗನ ಅಪ್ಪನಿಂದ ದಂಡ ವಸೂಲಿ ಮಾಡುವುದು, ಇದೆಲ್ಲ ನಮ್ಮಲ್ಲಿ ಇನ್ನೂ ಇದೆ. ಮಾಡುವವರು ಕೆಟ್ಟವರಲ್ಲ, ಪೊಲೀಸ್ ಕೇಸು ಆಗದಿರಲಿ ಅಂತಲೇ ಮಾಡುತ್ತಾರೆ. ಆದರೆ ಅವತ್ತಿನಿಂದ ಆ ಹುಡುಗ ಊರ ಕಣ್ಣಿನಲ್ಲಿ ಕಳ್ಳ, ಸಾಯುವವರೆಗೂ.

ನಷ್ಟ ಆದವರ ಮನೆಗೂ ಯಾರಾದರೂ ಹೋಗಬೇಕು. ಹುಡುಗನ ಕಡೆಯವರಲ್ಲ, ಬೇರೆಯವರು. ದೂರು ವಾಪಸು ತೆಗೆಯಿರಿ ಅಂತ ಕೇಳಲು ಅಲ್ಲ. ಹೇಗಿದ್ದೀರಿ ಅಂತ ಕೇಳಲು. ಅವರ ಮೇಲೆ ಊರೆಲ್ಲ ಒತ್ತಡ ಹಾಕಿದರೆ ಸಿಟ್ಟು ಜಾಸ್ತಿಯಾಗುತ್ತದೆ, ನ್ಯಾಯವೂ ಅಲ್ಲ.

ಹುಡುಗಿಯ ಕೇಸಾದರೆ ಇದಿಷ್ಟನ್ನೂ ಇನ್ನೂ ಕಡಿಮೆ ಜನರಲ್ಲಿ, ಹೆಂಗಸರೇ ಮುಂದೆ ನಿಂತು ಮಾಡಿ. ಕುಟುಂಬಶ್ರೀಯವರಿಗೆ, ಅಂಗನವಾಡಿ ಟೀಚರಿಗೆ ಇದು ಗಂಡಸರಿಗಿಂತ ಚೆನ್ನಾಗಿ ಗೊತ್ತು.

ಸಮುದಾಯ ಸೇವೆ ಅಂತ ಆದೇಶ ಬಂದಾಗ

ತಪ್ಪು ಸಾಬೀತಾದರೂ ಮಂಡಳಿಯ ಕೈಯಲ್ಲಿ ಹಲವು ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗ್ ಹೇಳಬಹುದು, ಸಮುದಾಯ ಸೇವೆ ಹೇಳಬಹುದು, ಮೂರು ವರ್ಷದವರೆಗೆ ಹೆತ್ತವರ ಅಥವಾ ಯೋಗ್ಯ ವ್ಯಕ್ತಿಯೊಬ್ಬರ ಜವಾಬ್ದಾರಿಯಲ್ಲಿ ಬಿಡಬಹುದು. ವಿಶೇಷ ಗೃಹಕ್ಕೆ ಕಳಿಸುವುದೂ ಇದೆ. ಮೊದಲಿನವು ಸಿಗಬೇಕಾದರೆ, ಇಂಥ ಕಡೆ ಸೇವೆ ಮಾಡಿಸುತ್ತೇವೆ, ನೋಡಿಕೊಳ್ಳುವವರು ಇವರು ಅಂತ ಮೊದಲೇ ತಯಾರಿರಬೇಕು.

ಸೇವೆ 14 ದಾಟಿದವರಿಗೆ ಮಾತ್ರ. ಅದಕ್ಕೆ ಜಾಗಗಳಿವೆ: ಬೌದ್ಧಿಕ ತೊಂದರೆ ಇರುವ ಮಕ್ಕಳ ಬಡ್ಸ್ ಶಾಲೆಗಳು ನಮ್ಮಲ್ಲಿ ಎಂಡೋಸಲ್ಫಾನ್ ವಿಷ ತಟ್ಟಿದ ಊರುಗಳಲ್ಲೇ ಇವೆ. ಪಂಚಾಯತಿನ ಪೇಲಿಯೇಟಿವ್ ತಂಡ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತದೆ. ಗ್ರಂಥಾಲಯದ ಹಳೇ ಪುಸ್ತಕ ಹೊಲಿಯುವುದು ಕೂಡ ಕೆಲಸವೇ. ಎಲ್ಲಿಗೆ ಕಳಿಸಿದರೂ ಅಲ್ಲಿಯ ಮುಖ್ಯಸ್ಥರೊಬ್ಬರಿಗೆ ಮಾತ್ರ ಯಾಕೆ ಬಂದಿದ್ದಾನೆ ಅಂತ ಗೊತ್ತಿರಲಿ, ಉಳಿದವರಿಗೆ ಅವನು ವಾಲಂಟಿಯರ್. ರಸ್ತೆ ಬದಿಯಲ್ಲಿ ಕಸ ಹೆಕ್ಕಿಸುವುದು ಬೇಡ. ಅದು ಸೇವೆಯಲ್ಲ, ಮೆರವಣಿಗೆ.

ಬೀಡಿ ಕಟ್ಟುವ ಅಮ್ಮನ ಮಗ ಪೇಲಿಯೇಟಿವ್ ನರ್ಸಿನ ಬ್ಯಾಗ್ ಹೊತ್ತುಕೊಂಡು ಹೋಗುತ್ತಿದ್ದ. ಮೊದಲ ವಾರ ಬಾಗಿಲ ಹೊರಗೇ ನಿಲ್ಲುತ್ತಿದ್ದನಂತೆ. ಮೂರನೇ ವಾರ ಒಬ್ಬ ಅಜ್ಜ, ಕಣ್ಣು ಸರಿ ಕಾಣದವರು, "ಪೇಪರ್ ಓದು ಮಗಾ" ಅಂದರು. ಇವನು ಓದಿದ. ಮುಂದಿನ ವಾರ ಅಜ್ಜ ಹಳೇ ಪೇಪರೆಲ್ಲ ತೆಗೆದಿಟ್ಟಿದ್ದರು.

ಶಾಲೆ, ಮತ್ತು ಖರ್ಚು

ಟಿಸಿ ತೆಗೆದುಕೊಂಡು ಹೋಗಿ ಅಂತ ಶಾಲೆಯವರು ಮೆಲ್ಲಗೆ ಹೇಳುತ್ತಾರೆ. ತೆಗೆದುಕೊಳ್ಳಬೇಡಿ. ಪಿಟಿಎಯಲ್ಲಿ ನಿಮ್ಮವರು ಒಬ್ಬರಾದರೂ ಇರುತ್ತಾರಲ್ಲ, ಅವರು ಮಾತಾಡಲಿ. ಶಾಲೆ ಬಿಟ್ಟು ವರ್ಷ ಕಳೆದಿದ್ದರೆ, 17 ತುಂಬಿದ್ದರೆ, ಸಾಕ್ಷರತಾ ಮಿಷನ್‌ನ, ಹತ್ತನೇ ಕ್ಲಾಸಿಗೆ ಸಮಾನವಾದ ಪರೀಕ್ಷೆ ಇದೆ. ಐಟಿಐ ಕಡೆ ಮನಸ್ಸಿದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಕೆಲಸ ಇರುವ ಹುಡುಗನಿಗೆ ಜಗಲಿಯಲ್ಲಿ ಕೂರಲು ಹೊತ್ತಿರುವುದಿಲ್ಲ.

ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: "ಇನ್ನು ಇವನು ಗಲ್ಫಿಗೆ ಹೋಗಲು ಆಗುವುದಿಲ್ಲ ಅಲ್ವಾ?" ಹಾಗಿಲ್ಲ. ದೊಡ್ಡವರಂತೆ ವಿಚಾರಣೆಯಾದ ಕೇಸು ಬಿಟ್ಟರೆ, ತಪ್ಪು ಸಾಬೀತಾದ ಕಾರಣಕ್ಕೆ ಮಗು ಯಾವ ಅರ್ಹತೆಯನ್ನೂ ಕಳೆದುಕೊಳ್ಳುವುದಿಲ್ಲ, ಮೇಲ್ಮನವಿಯ ಅವಧಿ ಅಥವಾ ನಿಯಮದಲ್ಲಿ ಹೇಳಿದ ಅವಧಿ ಕಳೆದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು ಅಂತ ಅದೇ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್. ಇದನ್ನು ಮೊದಲ ದಿನವೇ ಹುಡುಗನಿಗೂ ಹೇಳಿ. ಎಲ್ಲ ಮುಗಿಯಿತು ಅಂತ ತಿಳಿದ ಹುಡುಗ ಎರಡನೇ ತಪ್ಪಿಗೆ ಹೆದರುವುದಿಲ್ಲ.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಎರಡು ತಿಂಗಳು ಮುಂದೂಡಬಹುದು. ಸಣ್ಣ ಅಪರಾಧ ಅಷ್ಟರಲ್ಲೂ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಬೇಕು. ಆದರೆ ಪ್ರತಿ ತಾರೀಕಿಗೂ ಅಮ್ಮನ ಒಂದು ದಿನದ ಬೀಡಿ ಹೋಗುತ್ತದೆ, ಇಬ್ಬರ ಬಸ್ ಚಾರ್ಜು ಹೋಗುತ್ತದೆ. ಎರಡನೇ, ಮೂರನೇ ತಾರೀಕಿಗೆ ಜನ ಹೋಗದೇ ಇರುವುದು ಧಿಮಾಕಿನಿಂದಲ್ಲ, ಇದಕ್ಕೇ. ನಾವು ಬಸ್ ಚಾರ್ಜಿಗೆ ಅಂತ ಕ್ಲಬ್ಬಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ. ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದು ಬರುತ್ತೇವೆ, ಹಿಂದಿನ ಸಂಜೆ ಫೋನ್ ಮಾಡುತ್ತೇವೆ.

ಕೊನೆಯ ಆದೇಶದ ಪ್ರತಿಯನ್ನು ವಕೀಲರಿಂದ ಕೇಳಿ ತೆಗೆದುಕೊಳ್ಳಿ. ಅದನ್ನೂ, ನಿಮ್ಮ ಹತ್ತಿರ ಸೇರಿದ ಎಲ್ಲ ಕಾಗದಗಳನ್ನೂ ಮನೆಯವರ ಕೈಗೆ ಕೊಟ್ಟುಬಿಡಿ. ಗ್ರಂಥಾಲಯದ ಕಪಾಟಿನಲ್ಲಿ ಒಂದು ಝೆರಾಕ್ಸ್ ಕೂಡ ಉಳಿಯಬಾರದು, ಫೋನಿನಲ್ಲಿ ತೆಗೆದ ಫೋಟೋಗಳೂ ಇರಬಾರದು. ಆ ಅಮ್ಮ ಎಲ್ಲವನ್ನೂ ಅದೇ ಜವಳಿ ಅಂಗಡಿಯ ತೊಟ್ಟೆಗೆ ಹಾಕಿಕೊಂಡರು, ಲಸಿಕೆ ಚೀಟಿಯನ್ನು ಮಾತ್ರ ತೆಗೆದು ಬೇರೆ ಇಟ್ಟರು.